ನಗರದ ಗಡಿ ಎಲ್ಲಿ ಮುಗಿಯುತ್ತದೆ? ಸಂಗನಕಲ್ಲು ಎತ್ತಿರುವ ಪ್ರಶ್ನೆ

ಸಂಗನಕಲ್ಲು (ಬಳ್ಳಾರಿ): ‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತು. ಊರಿನಲ್ಲಿ ಬದುಕು ನೆಲಕಚ್ಚಿದವನಿಗೆ ಪಟ್ಟಣವೊಂದೇ ಗತಿ ಎಂಬುದು ಅದರ ತಾತ್ಪರ್ಯ. ಆದರೆ ಪಟ್ಟಣವೇ ಎದ್ದು ಊರಿನ ಬಾಗಿಲಿಗೆ ಬಂದರೆ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ರಾಜ್ಯದ ನೂರಾರು ಹಳ್ಳಿಗಳು ಇಂದು ಈ ಸ್ಥಿತಿಯಲ್ಲಿವೆ. ಬಳ್ಳಾರಿ ನಗರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಸಂಗನಕಲ್ಲು ಅವುಗಳಲ್ಲೊಂದು.

ನಗರದೊಳಗಿನಿಂದ ಹೊರಡುವ ರಸ್ತೆಗೇ ಸಂಗನಕಲ್ಲು ರಸ್ತೆ ಎಂಬ ಹೆಸರಿದೆ. ಆ ರಸ್ತೆಯಲ್ಲಿ ಶಾಲೆ, ಅಂಗಡಿ, ಬಡಾವಣೆಗಳನ್ನು ದಾಟುತ್ತಾ ಬಂದರೆ ನಗರ ಮುಗಿದದ್ದೆಲ್ಲಿ, ಹಳ್ಳಿ ಆರಂಭವಾದದ್ದೆಲ್ಲಿ ಎಂದು ಹೇಳುವುದು ಸುಲಭವಲ್ಲ. ಆದರೆ ಸರ್ಕಾರದ ಕಡತದಲ್ಲಿ ಇದಕ್ಕೆ ಖಚಿತವಾದ ಉತ್ತರವಿದೆ. ಗೆರೆಯ ಈಚೆಗೆ ಮಹಾನಗರ ಪಾಲಿಕೆ, ಆಚೆಗೆ ಗ್ರಾಮ ಪಂಚಾಯಿತಿ. ಈಚೆಗೆ 1976ರ ಪೌರ ನಿಗಮಗಳ ಕಾಯ್ದೆ, ಆಚೆಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಒಂದೇ ಬದುಕಿಗೆ ಎರಡು ಕಾನೂನು.

ಈ ಅಂಚಿನಲ್ಲೇ ಬೆಳೆದು, ಹೊರ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ನಗರ ಅಧ್ಯಯನದ ಸ್ನಾತಕೋತ್ತರ ಪದವಿ ಪಡೆದು ಮರಳಿರುವ ಯುವತಿಯೊಬ್ಬರು ಇತ್ತೀಚೆಗೆ ಈ ವರದಿಗಾರನೊಡನೆ ಮಾತನಾಡುತ್ತಾ ಕೆಲವು ವಿಚಾರಗಳನ್ನು ಮುಂದಿಟ್ಟರು. ಅವು ಅವರ ವೈಯಕ್ತಿಕ ಅಭಿಪ್ರಾಯಗಳು, ಹೆಸರು ಬೇಡವೆಂದರು. ಆದರೆ ಅವರು ಎತ್ತಿದ ಪ್ರಶ್ನೆ ಸಾರ್ವಜನಿಕವಾದದ್ದು. ಆದ್ದರಿಂದ ಅದನ್ನು ಇಲ್ಲಿ ಪರಿಶೀಲಿಸುವುದು ಉಚಿತ.

ಅಂಚಿನಿಂದ ನೋಡಿದ ನಗರ

ನಗರದ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಅಭಿಪ್ರಾಯಗಳಿವೆ. ನಗರವೆಂದರೆ ಹೊಗೆ, ಗದ್ದಲ, ಸಂಬಂಧಗಳಿಲ್ಲದ ಜೀವನ ಎಂಬುದು ಒಂದು. ನಗರವೆಂದರೆ ಮೇಲ್ಸೇತುವೆ, ಮಾಲ್, ಅಭಿವೃದ್ಧಿ ಎಂಬುದು ಇನ್ನೊಂದು. ಎರಡನ್ನೂ ತಾವು ಒಪ್ಪುವುದಿಲ್ಲ ಎಂದರು ಅವರು. ಪರಸ್ಪರ ಪರಿಚಯವಿಲ್ಲದ ಸಾವಿರಾರು ಜನರು ಒಬ್ಬರ ದುಡಿಮೆಯಿಂದ ಇನ್ನೊಬ್ಬರು ಬದುಕುವ ವ್ಯವಸ್ಥೆಯೇ ನಗರ ಎಂಬುದು ಅವರ ನಿಲುವು. ಕಟ್ಟಡಗಳ ಎತ್ತರದಿಂದ ಅದನ್ನು ಅಳೆಯಲಾಗದು.

ನಗರ ತಮಗೆ ಕೊಟ್ಟ ಸ್ವಾತಂತ್ರ್ಯವನ್ನು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಸಂಜೆ ಏಳು ಗಂಟೆಯ ಮೇಲೆ ಬಸ್ಸಿನಲ್ಲಿ ಒಬ್ಬರೇ ಬರುವುದು, ಗ್ರಂಥಾಲಯದಲ್ಲಿ ಕುಳಿತಾಗ ಯಾರ ಮಗಳೆಂದು ಯಾರೂ ಕೇಳದಿರುವುದು, ಇವೆಲ್ಲ ಅವರಿಗೆ ಮೊದಲು ದೊರೆತದ್ದು ದೊಡ್ಡ ನಗರದಲ್ಲಿ. ಆದರೆ ಅದೇ ನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಎದುರಾದ ಮೊದಲ ಪ್ರಶ್ನೆ ಬೇರೆ. “ಸರ್, ಬಾಡಿಗೆ ಎಷ್ಟು ಕೊಡುತ್ತೀರಿ ಅಂತ ಆಮೇಲೆ ಕೇಳಿದರು. ನೀವು ಯಾವ ಜನ ಅಂತ ಮೊದಲು ಕೇಳಿದರು” ಎಂದು ಅವರು ನೆನಪಿಸಿಕೊಂಡರು. ಹಳ್ಳಿಯ ಜಾತಿ ನಗರದಲ್ಲಿ ಕರಗುತ್ತದೆಂಬ ನಂಬಿಕೆ ಬಸ್ಸಿನ ಮಟ್ಟಿಗೆ ನಿಜವಾದರೂ ಮನೆಯ ಮಟ್ಟಿಗೆ ಇನ್ನೂ ನಿಜವಾಗಿಲ್ಲ.

ಅವರ ಮುಖ್ಯ ವಾದ ಇದಕ್ಕಿಂತ ಮುಂದಿನದು. ಯಾವುದೇ ನಗರವನ್ನು ಅದರ ನಡುಮಧ್ಯದಲ್ಲಿ ನಿಂತು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಅಂಚಿನಲ್ಲಿ ನಿಂತು ನೋಡಿದರೆ ಅದು ಯಾರಿಂದ ಏನನ್ನು ಪಡೆಯುತ್ತದೆ, ಯಾರಿಗೆ ಏನನ್ನು ಕೊಡುತ್ತದೆ ಎಂಬುದು ಕಾಣುತ್ತದೆ. ಬಳ್ಳಾರಿಯ ಅಂಚಿನ ಹಳ್ಳಿಗಳು ನಗರಕ್ಕೆ ಕೂಲಿಯಾಳು, ಹಾಲು, ತರಕಾರಿ, ಕಲ್ಲು, ಈಗ ಜಮೀನನ್ನೂ ಕೊಡುತ್ತಿವೆ. ನಗರದ ನಿರ್ಧಾರಗಳಲ್ಲಿ ಮಾತ್ರ ಅವುಗಳಿಗೆ ಮತವಿಲ್ಲ.

ಜನಗಣತಿಯ ಅಳತೆಗೋಲು

ಈ ವಾದವನ್ನು ಅಂಕಿಅಂಶಗಳ ಬೆಳಕಿನಲ್ಲಿ ನೋಡೋಣ. 2011ರ ಜನಗಣತಿಯಂತೆ ದೇಶದ ಶೇ 31ರಷ್ಟು ಜನ ನಗರವಾಸಿಗಳು; ಕರ್ನಾಟಕದಲ್ಲಿ ಈ ಪ್ರಮಾಣ ಶೇ 38ಕ್ಕೂ ಹೆಚ್ಚು. ಬಳ್ಳಾರಿ ಪಾಲಿಕೆಯ ಜನಸಂಖ್ಯೆ 2001ರಲ್ಲಿ ಮೂರು ಲಕ್ಷವನ್ನೂ 2011ರಲ್ಲಿ ನಾಲ್ಕು ಲಕ್ಷವನ್ನೂ ದಾಟಿತ್ತು. ಆದರೆ ರಾಜ್ಯದ ನಗರೀಕರಣವೆಂದರೆ ಬಹುಪಾಲು ಬೆಂಗಳೂರೇ. 2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಎರಡನೇ ದೊಡ್ಡ ನಗರವಾದ ಹುಬ್ಬಳ್ಳಿ-ಧಾರವಾಡದ ಸುಮಾರು ಒಂಬತ್ತು ಪಟ್ಟಿತ್ತು. ಸಾರ್ವಜನಿಕ ಚರ್ಚೆಯೂ ಅದೇ ಅನುಪಾತದಲ್ಲಿ ನಡೆಯುತ್ತಿದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, ಅದರಡಿ 2025ರ ಸೆಪ್ಟೆಂಬರ್‌ನಲ್ಲಿ ರಚನೆಯಾದ ಐದು ಪಾಲಿಕೆಗಳು, ಇವುಗಳ ಬಗ್ಗೆ ಪುಟಗಟ್ಟಲೆ ಬರೆಯಲಾಗಿದೆ. ಬಳ್ಳಾರಿ, ಕಲಬುರಗಿ, ದಾವಣಗೆರೆಗಳ ಅಂಚಿನಲ್ಲಿ ಆಗುತ್ತಿರುವುದನ್ನು ಕೇಳುವವರು ಕಡಿಮೆ.

ಯಾವುದು ನಗರ ಎಂಬುದನ್ನು ಜನಗಣತಿ ಎರಡು ಬಗೆಯಲ್ಲಿ ತೀರ್ಮಾನಿಸುತ್ತದೆ. ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿರುವ ಊರುಗಳು ಕಾನೂನಿನ ಪ್ರಕಾರವೇ ನಗರಗಳು. ಉಳಿದ ಊರುಗಳಿಗೆ ಮೂರು ಷರತ್ತುಗಳಿವೆ: ಕನಿಷ್ಠ 5,000 ಜನಸಂಖ್ಯೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನಸಾಂದ್ರತೆ ಹಾಗೂ ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ 75ರಷ್ಟು ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು. ಈ ಮೂರನ್ನೂ ಪೂರೈಸಿದ ಹಳ್ಳಿಯನ್ನು ‘ಜನಗಣತಿ ಪಟ್ಟಣ’ ಎಂದು ಕರೆಯಲಾಗುತ್ತದೆ. ದೇಶದಲ್ಲಿ ಇವುಗಳ ಸಂಖ್ಯೆ 2001ರಲ್ಲಿ 1,362 ಇದ್ದದ್ದು 2011ರಲ್ಲಿ 3,800ನ್ನು ಮೀರಿತು. ಇವು ಲೆಕ್ಕದಲ್ಲಿ ಪಟ್ಟಣಗಳು, ಆಡಳಿತದಲ್ಲಿ ಗ್ರಾಮಗಳು.

ಈ ವ್ಯಾಖ್ಯೆಯಲ್ಲಿ ದುಡಿಯುವ ಹೆಂಗಸರು ಇಲ್ಲವೇ ಇಲ್ಲ ಎಂಬುದನ್ನು ಆ ಯುವತಿ ಬೊಟ್ಟು ಮಾಡಿ ತೋರಿಸಿದರು. ಬಳ್ಳಾರಿಯ ಹೆಸರು ಜೀನ್ಸ್ ಉಡುಪಿನಿಂದಾಗಿ ದೇಶದ ಮಾರುಕಟ್ಟೆಯಲ್ಲಿ ಪರಿಚಿತ. ಮುಂಡರಗಿ ಕೈಗಾರಿಕಾ ಪ್ರದೇಶದ ಘಟಕಗಳಷ್ಟೇ ಈ ಉದ್ಯಮವಲ್ಲ. ನಗರದ ಓಣಿಗಳ ಮನೆಗಳಲ್ಲಿ ಹೊಲಿಗೆ, ದಾರ ಕತ್ತರಿಸುವುದು, ಗುಂಡಿ ಹಾಕುವುದು ನಡೆಯುತ್ತವೆ. ಪೀಸಿನ ಲೆಕ್ಕದಲ್ಲಿ ಕೂಲಿ. ಈ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಒಂದು ಊರಿನ ಗಂಡಸರು ಹೊಲಕ್ಕೆ ಹೋಗಿ, ಹೆಂಗಸರೆಲ್ಲ ನಗರದ ಉದ್ಯಮಕ್ಕೆ ದುಡಿದರೂ ಜನಗಣತಿಯ ಅಳತೆಗೋಲಿನಲ್ಲಿ ಆ ಊರು ಹಳ್ಳಿಯೇ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತ ಬಳಿಕ ಹಳ್ಳಿಯಿಂದ ನಗರಕ್ಕೆ ದುಡಿಯಲು ಬರುವುದು ಸುಲಭವಾಗಿದೆ. ಗಂಡಸರನ್ನು ಮಾತ್ರ ಎಣಿಸುವ ವ್ಯಾಖ್ಯೆಗೆ ಈ ಬದಲಾವಣೆ ಕಾಣದು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟು, ಈಗ 2027ರ ಮಾರ್ಚ್ 1 ಅದರ ಆಧಾರ ದಿನವಾಗಿದೆ. ಎಣಿಕೆಗೆ ತೊಡಕಾಗದಂತೆ 2025ರ ಡಿಸೆಂಬರ್ 31ರೊಳಗೆ ಆಡಳಿತ ಗಡಿಗಳ ಬದಲಾವಣೆಯನ್ನು ಮುಗಿಸುವಂತೆ ರಾಜ್ಯಗಳಿಗೆ ಸೂಚಿಸಲಾಗಿತ್ತು. ಎಣಿಕೆ ಮುಗಿಯುತ್ತಲೇ ಗಡಿಯ ಪ್ರಶ್ನೆ ಮತ್ತೆ ಎದ್ದೇಳುವುದು ನಿಶ್ಚಿತ. ಆಗ ಆತುರದಿಂದ ತೀರ್ಮಾನಿಸುವ ಬದಲು ಈಗಲೇ ಚರ್ಚಿಸುವುದು ಲೇಸು.

ಮೂರು ಸಾವಿರ ವರ್ಷಗಳ ಹಿಂದಿನ ಕಾರ್ಯಾಗಾರ

ನಗರವನ್ನು ಕುರಿತ ಚರ್ಚೆಗೆ ಸಂಗನಕಲ್ಲಿಗೆ ಇನ್ನೊಂದು ಹಕ್ಕೂ ಇದೆ. ಊರಿನ ಸುತ್ತಲಿನ ಹಿರೇಗುಡ್ಡ, ಸಣ್ಣರಾಚಮ್ಮನ ಗುಡ್ಡ ಮೊದಲಾದವು ದಕ್ಷಿಣ ಭಾರತದ ನವಶಿಲಾಯುಗದ ಪ್ರಮುಖ ನೆಲೆಗಳು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿದರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಹಾಗೂ ವಿದೇಶಿ ವಿದ್ವಾಂಸರಾದ ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಇಲ್ಲಿನ ಅಧ್ಯಯನವನ್ನು ವಿಸ್ತರಿಸಿದರು. ಫೂಟ್ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯವೊಂದು ಬಳ್ಳಾರಿಯಲ್ಲಿದೆ.

ಈ ಸಂಶೋಧನೆಗಳು ಕೊಡುವ ಚಿತ್ರ ಕುತೂಹಲಕರ. ಇಲ್ಲಿನ ಜನ ಕಿರುಧಾನ್ಯ, ಹುರುಳಿ, ಹೆಸರು ಬೆಳೆಯುತ್ತಿದ್ದರು, ದನ ಸಾಕುತ್ತಿದ್ದರು. ಜೊತೆಗೆ ಗುಡ್ಡದ ಕರಿಯ ಡಾಲರೈಟ್ ಶಿಲೆಯಿಂದ ದೊಡ್ಡ ಪ್ರಮಾಣದಲ್ಲಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದ ಹೊತ್ತಿಗೆ ಹಿರೇಗುಡ್ಡದಲ್ಲಿ ಈ ಕೆಲಸ ಒಂದು ಮನೆಯ ಅಗತ್ಯವನ್ನು ಮೀರಿ ಬೆಳೆದಿತ್ತು. ಕಲ್ಲು ಒಡೆದು ರೂಪ ಕೊಟ್ಟ ಜಾಗಗಳು, ಕೊಡಲಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳು ಇದಕ್ಕೆ ಸಾಕ್ಷಿ.

ಹಾಗಾದರೆ ಅದು ನಗರವೇ? ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ‘ನಗರ ಕ್ರಾಂತಿ’ಯನ್ನು ಕುರಿತ ತಮ್ಮ ಪ್ರಬಂಧದಲ್ಲಿ ನಗರಕ್ಕೆ ಹತ್ತು ಲಕ್ಷಣಗಳನ್ನು ಹೇಳಿದರು. ಬರವಣಿಗೆ, ಬೃಹತ್ ಕಟ್ಟಡ, ತೆರಿಗೆಯಾಗಿ ಸಂಗ್ರಹವಾಗುವ ಹೆಚ್ಚುವರಿ ಧಾನ್ಯ ಅವುಗಳಲ್ಲಿ ಸೇರಿವೆ. ಆ ಲೆಕ್ಕದಲ್ಲಿ ಸಂಗನಕಲ್ಲು ನಗರವಲ್ಲ. ಆದರೆ ನಗರ ಚಿಂತಕಿ ಜೇನ್ ಜೇಕಬ್ಸ್ 1969ರಲ್ಲಿ ಬೇರೆ ಮಾತು ಹೇಳಿದರು. ತುರ್ಕಿಯ ಚಾತಲ್‌ಹ್ಯೂಯೂಕ್ ನೆಲೆಯನ್ನು ಮನಸ್ಸಿನಲ್ಲಿಟ್ಟು, ಜ್ವಾಲಾಮುಖಿಯ ಗಾಜುಗಲ್ಲಿನ ವ್ಯಾಪಾರದಿಂದ ಬೆಳೆದ ಕಾಲ್ಪನಿಕ ನಗರವೊಂದನ್ನು ಚಿತ್ರಿಸಿ, ಬೇಸಾಯ ಹುಟ್ಟಿದ್ದೇ ನಗರದಲ್ಲಿ ಎಂದು ವಾದಿಸಿದರು. ಪುರಾತತ್ವಜ್ಞರು ಇದನ್ನು ಒಪ್ಪಲಿಲ್ಲ. ಬೇಸಾಯದ ಆರಂಭ ಹಳ್ಳಿಗಳಲ್ಲೇ ಎಂಬುದಕ್ಕೆ ಸಾಕಷ್ಟು ಪುರಾವೆಗಳಿವೆ. ಆದರೂ ಒಂದು ನೆಲೆಯನ್ನು ಅದರ ಗಾತ್ರದಿಂದಲ್ಲ, ಅಲ್ಲಿ ನಡೆಯುವ ಕೆಲಸ ಮತ್ತು ವಿನಿಮಯದಿಂದ ಅಳೆಯಬೇಕೆಂಬ ಅವರ ಮಾತು ಉಳಿದುಕೊಂಡಿದೆ. ಯುವತಿಯ ವಾದದ ಬೇರೂ ಇಲ್ಲೇ ಇದೆ.

ದುರ್ದೈವವೆಂದರೆ, ಇದೇ ಶಿಲೆ ನಮ್ಮ ಕಾಲದ ನಗರಕ್ಕೆ ಜಲ್ಲಿಯಾಯಿತು. ಸಮೀಪದ ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ನೀಳ ಕೊಂಬಿನ ದನಗಳ ಕುಟ್ಟುಚಿತ್ರಗಳಿವೆ. ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಕಲ್ಲುಗಳಿವೆ. 2000ದ ದಶಕದ ಆರಂಭದಲ್ಲಿ ಕಲ್ಲುಗಣಿಗಾರಿಕೆಯಿಂದ ಇವುಗಳಿಗೆ ಆಗುತ್ತಿದ್ದ ಹಾನಿಯನ್ನು ಸಂಶೋಧಕರು ದಾಖಲಿಸಿದರು. ಬೆಳೆಯುವ ನಗರ ತನ್ನ ರಸ್ತೆಗೆ ಬೇಕಾದ ಕಲ್ಲನ್ನು ಎಲ್ಲಿಂದ ತರುತ್ತದೆ ಎಂದು ನಗರವಾಸಿಗಳಾದ ನಾವು ಯಾರೂ ಕೇಳುವುದಿಲ್ಲ.

ಗಣಿ ದುಡ್ಡು ಕಲಿಸಿದ ಪಾಠ

ಬಳ್ಳಾರಿಗೆ ಹಣದ ಕೊರತೆಯಿಂದ ಈ ಗತಿ ಬಂದಿದೆ ಎನ್ನಲಾಗದು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಈ ಜಿಲ್ಲೆಯಲ್ಲಿ ಹರಿದ ಹಣಕ್ಕೆ ಲೆಕ್ಕವಿರಲಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಜುಲೈ ವರದಿ, ಅದೇ ತಿಂಗಳು ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ನೀಡಿದ ತಡೆ, 2013ರಲ್ಲಿ ಷರತ್ತುಗಳೊಂದಿಗೆ ದೊರೆತ ಅನುಮತಿ, ಇವೆಲ್ಲ ಓದುಗರಿಗೆ ಗೊತ್ತಿರುವ ಚರಿತ್ರೆ. ಆ ಹಣ ಕೆಲವರ ಮನೆಗಳನ್ನು ಕಟ್ಟಿತು, ನಗರವನ್ನು ಕಟ್ಟಲಿಲ್ಲ.

ನಂತರ ಪರಿಸ್ಥಿತಿ ಬದಲಾಗಿದೆ. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಪ್ರತ್ಯೇಕ ನಿಗಮವಿದೆ. ಅದರ ಕೆಲಸದ ಮೇಲುಸ್ತುವಾರಿಗೆ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನ್ಯಾಯಾಲಯವೇ ನೇಮಿಸಿತು. ರಾಜ್ಯದ ಅನೇಕ ಜಿಲ್ಲೆಗಳಿಗೆ ಇಲ್ಲದ ಸಂಪನ್ಮೂಲ ಬಳ್ಳಾರಿಗಿದೆ. ಅದನ್ನು ಎಲ್ಲಿ, ಯಾರ ಮಾತು ಕೇಳಿ ಖರ್ಚು ಮಾಡಬೇಕು ಎಂಬುದು ಈಗಿನ ಪ್ರಶ್ನೆ.

ನೀರಿನ ಉದಾಹರಣೆ ನೋಡಬಹುದು. ಬಳ್ಳಾರಿ ನಗರದ ಅಲ್ಲೀಪುರ ಕೆರೆಗೂ ಸಿರುಗುಪ್ಪದ ಭತ್ತದ ಗದ್ದೆಗೂ ಕುರುಗೋಡಿನ ಹೊಲಕ್ಕೂ ಆಧಾರ ತುಂಗಭದ್ರೆಯ ನೀರೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಗರಕ್ಕೂ ಹಳ್ಳಿಗೂ ಏಕಕಾಲಕ್ಕೆ ಆತಂಕವಾಯಿತು. ಮಾರುಕಟ್ಟೆಯದೂ ಇದೇ ಕಥೆ. ಈ ಸೀಮೆಯ ಮೆಣಸಿನಕಾಯಿ ಲಾರಿ ಹತ್ತಿ ಬ್ಯಾಡಗಿಗೆ ಹೋಗುತ್ತದೆ. ಬಳ್ಳಾರಿಯಲ್ಲೇ ಮಾರುಕಟ್ಟೆ ಬೇಕೆಂಬ ರೈತರ ಬೇಡಿಕೆ ಹಳೆಯದು. ಸುತ್ತಲಿನ ಸೀಮೆಯ ಬೆಳೆಗೆ ಮಾರುಕಟ್ಟೆಯಾಗುವುದು ನಗರವೊಂದರ ಮೊದಲ ಕರ್ತವ್ಯಗಳಲ್ಲೊಂದಲ್ಲವೇ?

ಪಾಲಿಕೆಗೆ ಸೇರಿಸಿದರೆ ಸಾಕೇ?

ಅಂಚಿನ ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿಬಿಡುವುದೇ ಪರಿಹಾರವೆಂದು ಹೇಳುವವರಿದ್ದಾರೆ. ಒಳಚರಂಡಿ, ಬೀದಿದೀಪ, ಕಸ ವಿಲೇವಾರಿ ಬರುತ್ತವೆಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಎನ್‌ಎ ಆದ ಜಮೀನಿನಲ್ಲಿ ಎದ್ದ ನೂರಾರು ಮನೆಗಳಿಗೆ ಒಳಚರಂಡಿ ಕೊಡುವ ಶಕ್ತಿ ಗ್ರಾಮ ಪಂಚಾಯಿತಿಗಿಲ್ಲ. ನಕ್ಷೆ ಮಂಜೂರಾಗದ ಬಡಾವಣೆಯಲ್ಲಿ ನಿವೇಶನ ಕೊಂಡವರು ಫಾರಂ 9, 11ಎ ಸಿಗದೆ 11ಬಿ ಹಿಡಿದು ಅಲೆಯುವುದು ರಾಜ್ಯದ ಎಲ್ಲ ಅಂಚುಗಳ ಸಾಮಾನ್ಯ ದೃಶ್ಯ.

ಆದರೆ ಹಳ್ಳಿಯವರ ಅಳುಕಿಗೂ ಕಾರಣಗಳಿವೆ. ಪಾಲಿಕೆಗೆ ಸೇರಿದ ದಿನದಿಂದ ಗ್ರಾಮೀಣ ಉದ್ಯೋಗದ ಕಾನೂನು ಅವರಿಗೆ ಅನ್ವಯಿಸದು. 2005ರ ಖಾತರಿ ಕಾಯ್ದೆಯಾಗಲಿ, ಅದರ ಜಾಗದಲ್ಲಿ 2025ರ ಡಿಸೆಂಬರ್‌ನಲ್ಲಿ ಬಂದ ಹೊಸ ಕಾಯ್ದೆಯಾಗಲಿ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ತೆರಿಗೆ ಏರುತ್ತದೆ, ಸೌಲಭ್ಯ ತಡವಾಗಿ ಬರುತ್ತದೆ. ಗ್ರಾಮಸಭೆ ಇಲ್ಲವಾಗುತ್ತದೆ. ಪಾಲಿಕೆಯಲ್ಲಾದರೂ ಜನಪ್ರತಿನಿಧಿಗಳು ಸದಾ ಇರುತ್ತಾರೆಂಬ ಭರವಸೆ ಇದೆಯೇ? ಬಳ್ಳಾರಿ ಪಾಲಿಕೆಗೆ 2013ರ ನಂತರ ಮುಂದಿನ ಚುನಾವಣೆ ನಡೆದದ್ದು 2021ರ ಏಪ್ರಿಲ್‌ನಲ್ಲಿ. ಐದು ವರ್ಷಕ್ಕೊಮ್ಮೆ ನಡೆಯಬೇಕಾದ ಚುನಾವಣೆಗೆ ಎಂಟು ವರ್ಷ ಹಿಡಿಯಿತು.

ಹೀಗಾಗಿ ಸೇರ್ಪಡೆಯೊಂದೇ ಮಾರ್ಗವೆಂದು ಹೇಳಲಾಗದು. ನಮ್ಮ ಸಂವಿಧಾನದಲ್ಲೇ ಇನ್ನೊಂದು ದಾರಿಯಿದೆ. 1992ರ 74ನೇ ತಿದ್ದುಪಡಿಯು ಗ್ರಾಮದಿಂದ ನಗರವಾಗಿ ಮಾರ್ಪಡುತ್ತಿರುವ ಪ್ರದೇಶವನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿದೆ. ಅದೇ ತಿದ್ದುಪಡಿಯ 243-ಝಡ್‌ಡಿ ವಿಧಿಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಪಂಚಾಯಿತಿಗಳ ಮತ್ತು ನಗರ ಸಂಸ್ಥೆಗಳ ಯೋಜನೆಗಳನ್ನು ಒಂದುಗೂಡಿಸಿ, ನೀರು ಮತ್ತು ಇತರ ಸಂಪನ್ಮೂಲಗಳ ಹಂಚಿಕೆಯನ್ನು ಪರಿಗಣಿಸಿ ಇಡೀ ಜಿಲ್ಲೆಗೆ ಕರಡು ಯೋಜನೆ ಸಿದ್ಧಪಡಿಸುವುದು ಅದರ ಕೆಲಸ. ಅದರ ಸದಸ್ಯರಲ್ಲಿ ಕನಿಷ್ಠ ಐದನೇ ನಾಲ್ಕು ಭಾಗ ಚುನಾಯಿತರು. ನಗರ ಮತ್ತು ಹಳ್ಳಿಯ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕೂಡಲು ಕಾನೂನು ಕೊಟ್ಟಿರುವ ಸ್ಥಳ ಇದು. ಈ ಸಮಿತಿ ಕಾಗದದಲ್ಲಿ ಉಳಿದರೆ ನಗರದ ನಕ್ಷೆಯನ್ನು ಅಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ, ಹಳ್ಳಿಯ ಯೋಜನೆಯನ್ನು ಪಂಚಾಯಿತಿಯಲ್ಲಿ, ಗಣಿ ನಿಧಿಯ ಪಟ್ಟಿಯನ್ನು ಮತ್ತೊಂದೆಡೆ ಬರೆಯುವುದು ಮುಂದುವರಿಯುತ್ತದೆ.

ಸದ್ಯಕ್ಕೆ ಮಾಡಬಹುದಾದ ಮೂರು ಕೆಲಸಗಳಿವೆ. ಮೊದಲನೆಯದು, ಬಳ್ಳಾರಿ ಪಾಲಿಕೆ ಮತ್ತು ಅದಕ್ಕೆ ತಾಗಿರುವ ಪಂಚಾಯಿತಿಗಳ ಕುಡಿಯುವ ನೀರು, ಒಳಚರಂಡಿ, ಬಸ್ಸು ಈ ಮೂರಕ್ಕೆ ಒಂದೇ ಯೋಜನೆ ಮಾಡುವುದು. ಅದಕ್ಕೆ ಖನಿಜ ನಿಧಿಯ ಪಾಲು ಮೀಸಲಿಡುವುದು. ಎರಡನೆಯದು, ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳನ್ನೂ ಅವುಗಳ ಬುಡದ ಜಮೀನನ್ನೂ ನಗರದ ಮಹಾಯೋಜನೆಯಲ್ಲಿ ಬಡಾವಣೆಗೂ ಕಲ್ಲುಗಣಿಗೂ ನಿಷಿದ್ಧವಾದ ವಲಯವೆಂದು ಸ್ಪಷ್ಟವಾಗಿ ಗುರುತಿಸುವುದು. ಮೂರನೆಯದು, ಗಡಿ ಬದಲಿಸುವ ಮುನ್ನ ಗ್ರಾಮಸಭೆಯ ಅಭಿಪ್ರಾಯ ಪಡೆದು, ಯಾವ ಸೌಲಭ್ಯ ಯಾವ ವರ್ಷದೊಳಗೆ ಬರುತ್ತದೆಂಬುದನ್ನು ಲಿಖಿತವಾಗಿ ತಿಳಿಸುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.

ಮಾತು ಮುಗಿಸಿ ಏಳುವಾಗ, ಮತ್ತೆ ದೊಡ್ಡ ನಗರಕ್ಕೆ ಹೋಗುವಿರಾ ಎಂದು ಕೇಳಿದ್ದಕ್ಕೆ ಆ ಯುವತಿ, “ಕೆಲಸ ಅಲ್ಲೇ ಇದೆಯಲ್ಲ ಸರ್, ಹೋಗಲೇಬೇಕು. ಬಳ್ಳಾರಿಯಲ್ಲೇ ಸಿಕ್ಕರೆ ಯಾಕೆ ಹೋಗಲಿ?” ಎಂದರು. ಓದಿದ ಮಕ್ಕಳು ಕೆಟ್ಟು ಪಟ್ಟಣ ಸೇರುತ್ತಿಲ್ಲ. ಹತ್ತಿರದ ಪಟ್ಟಣ ಕೆಲಸ ಕೊಡಲಿಲ್ಲವೆಂದು ದೂರದ ಪಟ್ಟಣ ಸೇರುತ್ತಿದ್ದಾರೆ. ಬಳ್ಳಾರಿಯಂತಹ ನಗರಗಳು ತಮ್ಮ ಅಂಚಿನ ಊರುಗಳನ್ನು ನಿವೇಶನಗಳ ದಾಸ್ತಾನೆಂದು ನೋಡುವುದನ್ನು ಬಿಟ್ಟು, ಅಲ್ಲಿನವರನ್ನು ನಗರದ ಪಾಲುದಾರರೆಂದು ಎಣಿಸುವವರೆಗೆ ಈ ವಲಸೆ ನಿಲ್ಲುವ ಲಕ್ಷಣವಿಲ್ಲ. ಜನಪ್ರತಿನಿಧಿಗಳು ಮತ್ತು ಜಿಲ್ಲಾಡಳಿತ ಈ ಬಗ್ಗೆ ಈಗಲೇ ಯೋಚಿಸುವುದು ಒಳಿತು.